ಆದರೆ, ಆದ್ದರಿಂದ

ಜನವರಿ 9

ಚೂಟಿ,

ನಾನು ಫೋನು ಎತ್ತುತ್ತಿಲ್ಲ ಎಂದು ಕೆಳಗಿನ ಮನೆಯ ಟೈಲರಮ್ಮನಿಗೆ ಫೋನು ಮಾಡಿ ಕೂಗಾಡಿದೆಯಂತೆ. ಪಾಪ, ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮೇಲೆ ಓಡಿ ಬಂದಳು. ನನ್ನ ತಂಗಿಯ ಸಿಟ್ಟಿಗೆ ಅವಳೇಕೆ ಸೂಜಿ ನುಂಗಬೇಕು? ಅದಕ್ಕೇ ಈ ಕಾಗದ.

ವಿಷಯ ಇಷ್ಟು. ನನಗೆ ಪದಗಳು ಸಿಗುತ್ತಿಲ್ಲ. ಸಾಮಾನ್ಯ ಮರೆವು ಅಂದುಕೊಳ್ಳಬೇಡ. ಬಾಚಣಿಗೆ ಕೈಯಲ್ಲೇ ಇರುತ್ತದೆ, ತಲೆ ಬಾಚುತ್ತಲೇ ಇರುತ್ತೇನೆ, ಅದರ ಹೆಸರು ಮಾತ್ರ ಎಲ್ಲಿಗೋ ಹೊರಟುಹೋಗಿರುತ್ತದೆ. (ಈಗ ಬರೆದೆಯಲ್ಲ ಎನ್ನಬೇಡ, ಟೈಲರಮ್ಮನನ್ನು ಕೇಳಿ ಬರೆದೆ.) ಫೋನಿನಲ್ಲಿ ನಾನು ಪದಕ್ಕೆ ತಡಕಾಡುತ್ತಾ ನಿಂತರೆ ನೀನು ಆ ಕಡೆಯಿಂದ "ಹಲೋ, ಹಲೋ, ಲೈನ್ ಇದ್ಯಾ?" ಎಂದು ಕಿರುಚುತ್ತೀಯ. ಲೈನ್ ಇರುತ್ತದೆ ಕಣೇ. ಕಾಗದವಾದರೆ ಯಾರೂ ಕಿರುಚುವುದಿಲ್ಲ, ನಿಧಾನವಾಗಿ ಹುಡುಕಬಹುದು.

ನರದ ಡಾಕ್ಟರನ್ನು ಕಂಡು ಬಂದೆ. ಇದಕ್ಕೆ ಔಷಧವಿಲ್ಲ, ಇದು ನಿಲ್ಲುವುದೂ ಇಲ್ಲ ಎಂದು ಆಕೆ ನೇರವಾಗಿಯೇ ಹೇಳಿದಳು. ಸುತ್ತಿ ಬಳಸಿ ಹೇಳುವವರಿಗಿಂತ ವಾಸಿ. ಮೊದಲು ವಸ್ತುಗಳ ಹೆಸರು ಹೋಗುತ್ತವಂತೆ, ಆಮೇಲೆ ಮನಸ್ಸಿನೊಳಗಿನವುಗಳ ಹೆಸರು. 'ಆದರೆ', 'ಮತ್ತೆ', 'ಯಾಕೆಂದರೆ' ಇಂಥ ಚಿಲ್ಲರೆ ಪದಗಳು ಮಾತ್ರ ಬಹುಕಾಲ ಗಟ್ಟಿಯಾಗಿರುತ್ತವಂತೆ. ನನಗೆ ನಗು ಬಂತು. ಬರೀ ಚಿಲ್ಲರೆ ಇಟ್ಟುಕೊಂಡು ನಾನು ಏನು ಮಾತಾಡಲಿ?

ಒಂದು ಉಪಾಯ ಮಾಡಿದ್ದೇನೆ. ಪದ ಬರದ ಕಡೆ ಗೆರೆ ಎಳೆಯುತ್ತೇನೆ, ನೀನು ತುಂಬು. ಬಿಟ್ಟ ಸ್ಥಳ ತುಂಬುವುದನ್ನು ಮೂರನೇ ಕ್ಲಾಸಿನಲ್ಲಿ ನಿನಗೆ ಕಲಿಸಿದವಳು ನಾನೇ. ಹಿಂದಿನ ಮಾತು ನೋಡು, ಮುಂದಿನ ಮಾತು ನೋಡು, ಇಡೀ ವಾಕ್ಯ ಓದದೆ ಪೆನ್ನು ಎತ್ತಬೇಡ.

ಮೊದಲ ಪರೀಕ್ಷೆ. ಕಿಟಕಿಯ ______ ಒಗೆಯಲು ಬಿಚ್ಚಿದ್ದೇನೆ, ಎದುರು ಮನೆಯವರಿಗೆಲ್ಲ ನಾನು ಕಾಣುತ್ತಿದ್ದೇನೆ. ಹೊಸ ______ ಕೊಂಡೆ, ಹಿಮ್ಮಡಿಗೆ ಕಚ್ಚುತ್ತಿದೆ.

ಅಕ್ಕ


ಜನವರಿ 21

ಅಕ್ಕಾ,

ಪರದೆ. ಚಪ್ಪಲಿ. ಕಚ್ಚಿದ ಜಾಗಕ್ಕೆ ಎಣ್ಣೆ ಹಚ್ಚು. ಇಷ್ಟು ಸುಲಭದ್ದು ಕೊಟ್ಟರೆ ಹೇಗೆ, ನಾನೇನು ಇನ್ನೂ ಮೂರನೇ ಕ್ಲಾಸೇ?

ನಿನ್ನ ಕಾಗದ ಓದಿ ಅಳು ಬಂತು, ಆಮೇಲೆ ಸೂಜಿ ನುಂಗುವ ಟೈಲರಮ್ಮನನ್ನು ನೆನೆಸಿಕೊಂಡು ನಗುವೂ ಬಂತು. ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಓದುತ್ತಿದ್ದೆ. ಪಕ್ಕದ ಮೆಷಿನ್ನಿನವಳು "ಏನೇ, ಅತ್ತು ನಗ್ತಿದೀಯ?" ಎಂದಳು. ಕನ್ನಡಕದ ಗಾಜು ಉಜ್ಜುವ ಕಡೆ ಪುಡಿ ಹಾರುವುದರಿಂದ ಇಲ್ಲಿ ಎಲ್ಲರ ಕಣ್ಣೂ ಯಾವಾಗಲೂ ಕೆಂಪೇ. ಅದನ್ನೇ ಹೇಳಿ ತಪ್ಪಿಸಿಕೊಂಡೆ.

ಮೂರನೇ ಕ್ಲಾಸು ಅಂದೆಯಲ್ಲ, 'ಆದರೆ' ಬರೆಯಬೇಕಾದ ಕಡೆ 'ಆದ್ದರಿಂದ' ಬರೆದೆನೆಂದು ನೀನು ಇಡೀ ಕ್ಲಾಸಿನ ಮುಂದೆ ಸೊನ್ನೆ ಕೊಟ್ಟದ್ದು ನೆನಪಿದೆಯಾ? "ಮಳೆ ಜೋರಾಗಿತ್ತು, ಆದ್ದರಿಂದ ಅವನು ಕೊಡೆ ಬಿಟ್ಟು ಹೋದ." ಸ್ವಂತ ತಂಗಿ ಎಂಬ ಕನಿಕರವೂ ಇರಲಿಲ್ಲ. ಮನೆಗೆ ಬಂದ ಮೇಲೆ ಅದೇ ಕೈಯಲ್ಲಿ ತಲೆ ಬಾಚಿದೆ, ನಾನು ಮುಖ ಊದಿಸಿಕೊಂಡು ಕೂತಿದ್ದೆ. ಅಮ್ಮ ಇಲ್ಲದ ಮನೆಯಲ್ಲಿ ಹೊಡೆಯುವವಳೂ ನೀನೇ, ಸಮಾಧಾನ ಮಾಡುವವಳೂ ನೀನೇ.

ನೀನು ಯೋಚನೆ ಮಾಡಬೇಡ. ಒಬ್ಬಳೇ ಇರುವುದು ಕಷ್ಟವಾದರೆ ಸೀದಾ ನಮ್ಮ ಮನೆಗೆ ಬಂದುಬಿಡು. ನಾನಿಲ್ಲವಾ? ಮಗಳ ರೂಮಿನಲ್ಲಿ ಇನ್ನೊಂದು ಮಂಚ ಹಿಡಿಯುತ್ತದೆ. ದೊಡ್ಡಮ್ಮ ಬಂದರೆ ಅವಳಿಗೂ ಖುಷಿ. ಇವರಿಗೂ ಹೇಳುತ್ತೇನೆ.

ಚೂಟಿ


ಫೆಬ್ರವರಿ 16

ಚೂಟಿ,

ಎರಡಕ್ಕೆ ಎರಡು. ಜಂಬ ಬೇಡ.

ಈ ತಿಂಗಳು ಸ್ವಲ್ಪ ಕೈಕೊಟ್ಟಿದೆ. ಅಂಚೆಯವನನ್ನು "ಡಾಕ್ಟರೇ" ಎಂದು ಕರೆದೆ. ಅವನಿಗೆ ಸಂತೋಷವೇ ಆಯಿತು ಅನ್ನು. ಅಂಗಡಿಗೆ ಹೋಗಿ ಹಾಲಿಗೆ ಹಾಕುವ ಬಿಳಿಯದು, ಸಿಹಿಯದು ಕೊಡಪ್ಪಾ ಎಂದೆ. ಅಂಗಡಿಯವನು "ಟೀಚರಮ್ಮಾ, ಒಗಟು ಹೇಳ್ತಿದೀರಾ?" ಎಂದ. ಹೌದು ಎಂದೆ. ಅವನ ಮಗ ನನ್ನ ಕೈಯಲ್ಲಿ ಓದಿದವನು, ಇನ್ನೇನು ಹೇಳಲಿ?

ಅಡುಗೆಮನೆಯ ಗೋಡೆಗೆ ಬಣ್ಣ ಬಳಿಸುತ್ತಿದ್ದೇನೆ. ಸುಮ್ಮನೆ ಮನಸ್ಸಾಯಿತು. ______ ತುದಿಯಲ್ಲಿ ಸ್ವಲ್ಪ ಸುಟ್ಟಿತು, ಹೊಸ ಸೀರೆ ಉಟ್ಟಾಗಲೇ ಹೀಗಾಗಬೇಕೆ. ಎಡಗೈಗೆ ______ ಸುತ್ತಿರುವುದರಿಂದ ಅಕ್ಷರ ಸೊಟ್ಟ ಎಂದುಕೊಂಡೀಯ, ಇಲ್ಲ, ಬರೆಯುವುದು ಬಲಗೈಯಲ್ಲಿ.

ನೀನು "ಬಂದುಬಿಡು" ಎಂದು ಬರೆದದ್ದನ್ನು ಎಷ್ಟು ಸಲ ಓದಿದೆನೋ. ನಾನೇನೂ ಈಗಲೇ ಹೊರಟು ನಿಂತಿಲ್ಲ. ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿಟ್ಟಿದ್ದೇನೆ, ಬರೀ ಧೂಳು ಒರೆಸಲು. ಮಗಳ ರೂಮಿನಲ್ಲಿ ಮಂಚ ಯಾವ ಗೋಡೆಗೆ ಹಾಕುತ್ತೀಯ? ಕಿಟಕಿ ಪಕ್ಕವಾದರೆ ಒಳ್ಳೆಯದು. ಇಲ್ಲದಿದ್ದರೂ ಆದೀತು.

ನಿನ್ನ ಯಜಮಾನರು ಏನೆಂದರು? ಬರೆ.

ಅಕ್ಕ


ಏಪ್ರಿಲ್ 2

ಅಕ್ಕಾ,

ಬರೆಯಲು ತಡವಾಯಿತು, ಸಿಟ್ಟಾಗಬೇಡ. ಕಾರ್ಖಾನೆಯಲ್ಲಿ ಹೊಸ ಮೆಷಿನ್ನು ಬಂದಿದೆ, ಮಗಳಿಗೆ ಪರೀಕ್ಷೆ, ಇವರಿಗೆ ಬಸ್ಸಿನ ಡ್ಯೂಟಿ ಹೊತ್ತಲ್ಲದ ಹೊತ್ತಿನಲ್ಲಿ. ಒಂದಲ್ಲ ಒಂದು.

ಸೆರಗು. ಬ್ಯಾಂಡೇಜು. ಎರಡೂ ತುಂಬಿದ ಮೇಲೆ ವಿಷಯ ಹೊಳೆಯಿತು. ಟೈಲರಮ್ಮನಿಗೆ ಫೋನು ಮಾಡಿ ಎಲ್ಲ ಕೇಳಿಕೊಂಡೆ. ಬೆಂಕಿ ಹತ್ತಿದಾಗ ನೀನು ಬಾಗಿಲಿಗೆ ಬಂದು "ನೀರು" ಎನ್ನಲಾಗದೆ "ಅದು, ಅದು" ಎಂದು ಕೂಗುತ್ತಿದ್ದೆಯಂತೆ. ಅಕ್ಕಾ, ಇನ್ನು ನೀನು ಒಬ್ಬಳೇ ಇರಬಾರದು.

ನಿಮ್ಮ ದೊಡ್ಡಾಸ್ಪತ್ರೆಯ ಹಿಂದೆ ಒಂದು ಆರೈಕೆ ಮನೆ ಇದೆಯಲ್ಲ, ಅದರ ಬಗ್ಗೆ ವಿಚಾರಿಸಿದೆ. ಒಳ್ಳೆಯ ಗಾಳಿ ಬೆಳಕು. ಹೊತ್ತು ಹೊತ್ತಿಗೆ ಊಟ. ನರ್ಸುಗಳು ಯಾವಾಗಲೂ ಇರುತ್ತಾರೆ. ನಿನ್ನ ಡಾಕ್ಟರಿಗೂ ಹತ್ತಿರ. ನಮ್ಮದೋ ಮೂರನೇ ಮಹಡಿ, ಲಿಫ್ಟ್ ಇಲ್ಲ, ಹಗಲೆಲ್ಲ ಮನೆಯಲ್ಲಿ ಯಾರೂ ಇರುವುದಿಲ್ಲ. ನೀನೇ ಯೋಚಿಸು. ಬಲವಂತವಿಲ್ಲ. ನೀನು ಹೇಗೆ ಹೇಳುತ್ತೀಯೋ ಹಾಗೆ ಮಾಡೋಣ.

ಇವರು ಕ್ಷೇಮ ಕೇಳಿದ್ದಾರೆ.

ಚೂಟಿ


ಏಪ್ರಿಲ್ 14

ಚೂಟಿ,

ಕೇಳಿದ್ದಕ್ಕೆ ಉತ್ತರ ಬರೆದಿಲ್ಲ, ಕ್ಷೇಮ ಕೇಳಿದ್ದಾರೆ ಎಂದು ಬರೆದಿದ್ದೀಯ. ಇರಲಿ. ಮಂಚದ ಮಾತೂ ಇಲ್ಲ. ಅದೂ ಇರಲಿ.

ಆ ಕಟ್ಟಡ ನನಗೆ ಗೊತ್ತು. ನಮ್ಮ ಹೆಡ್‌ಮಿಸ್ ಅಲ್ಲಿದ್ದರು, ನೋಡಲು ಹೋಗುತ್ತಿದ್ದೆ. ಉದ್ದನೆಯ ______, ಎರಡೂ ಕಡೆ ಬಾಗಿಲು, ಎಲ್ಲ ಬಾಗಿಲೂ ಒಂದೇ ಬಣ್ಣ. ಅವರಿಗೆ ಮಾತು ಬರುತ್ತಿತ್ತು. ಬೇಕಾದ್ದನ್ನು ಕೇಳುತ್ತಿದ್ದರು, ಬೇಡವಾದ್ದಕ್ಕೆ ಬೈಯುತ್ತಿದ್ದರು. ನನಗೆ ಇನ್ನು ಸ್ವಲ್ಪ ದಿನಕ್ಕೆ ಅದೂ ಆಗುವುದಿಲ್ಲ. ಇಲ್ಲಿಯಾದರೆ ಟೈಲರಮ್ಮ ನನ್ನ ಮುಖ ನೋಡಿಯೇ ತಿಳಿದುಕೊಳ್ಳುತ್ತಾಳೆ. ನೀನೂ ತಿಳಿದುಕೊಳ್ಳುತ್ತೀಯ.

ಬೆಳಗಿನಿಂದ ಒಂದೇ ವಾಕ್ಯಕ್ಕೆ ಕೂತಿದ್ದೇನೆ. ಬರೆದುಬಿಡುತ್ತೇನೆ.

ನಿನಗೆ ಭಾರವಾಗಲು ನನಗೆ ಇಷ್ಟವಿಲ್ಲ. ಆದರೆ ಅಲ್ಲಿಗೆ ಹೋಗುವುದು ನನಗೆ ______.

ನಾಲಿಗೆಯ ತುದಿಯಲ್ಲೇ ಇದೆ, ಬರುತ್ತಿಲ್ಲ. ಹಿಂದೆ ಮುಂದೆ ನೋಡಿ ನೀನೇ ತುಂಬು. ನೀನು ತುಂಬಿದ ಹಾಗೇ ಆಗಲಿ.

ಅಕ್ಕ


ಏಪ್ರಿಲ್ 18

ಅಕ್ಕಾ,

ಕಾಗದ ಕೈಗೆ ಬಂದ ದಿನವೇ ಬರೆಯುತ್ತಿದ್ದೇನೆ. ಆ ಉದ್ದನೆಯದು ವರಾಂಡ. ಮತ್ತೆ ಆ ಇನ್ನೊಂದು: ಒಪ್ಪಿಗೆ.

"ಅಲ್ಲಿಗೆ ಹೋಗುವುದು ನನಗೆ ಒಪ್ಪಿಗೆ." ಸರಿಯಾಗಿ ತುಂಬಿದೆನಲ್ಲ? ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು ಅಕ್ಕಾ. ನೀನು ಹೀಗೆ ಅರ್ಥ ಮಾಡಿಕೊಳ್ಳುತ್ತೀಯೆಂದು ನನಗೆ ಗೊತ್ತಿತ್ತು. ಚಿಕ್ಕಂದಿನಿಂದಲೂ ನೀನು ನನ್ನ ಕಷ್ಟ ನೋಡಿಯೇ ನಡೆದವಳು.

ಒಂದು ತಪ್ಪು ಹಿಡಿದಿದ್ದೇನೆ, ಬೈಯಬೇಡ. ಭಾರವಾಗಲು ಇಷ್ಟವಿಲ್ಲ, 'ಆದ್ದರಿಂದ' ಅಲ್ಲಿಗೆ ಹೋಗುವುದು ಒಪ್ಪಿಗೆ ಎಂದಾಗಬೇಕು. ನೀನು 'ಆದರೆ' ಎಂದು ಬರೆದಿದ್ದೀಯ. ಈಗ ನಿನಗೂ ಸೊನ್ನೆ! ಕೊನೆಗೂ ಸೇಡು ತೀರಿತು.

ಆರೈಕೆ ಮನೆಯವರಿಗೆ ಹೇಳಿದೆ. ಒಂದು ಹಾಸಿಗೆ ಖಾಲಿಯಿದೆಯಂತೆ. ಈ ತಿಂಗಳ ಕೊನೆಗೆ ರಜೆ ಹಾಕಿ ಬರುತ್ತೇನೆ, ಸಾಮಾನು ಕಟ್ಟೋಣ.

ಚೂಟಿ


ಏಪ್ರಿಲ್ 24

ಚೂಟಿ,

ನೀನು ತುಂಬಿದ ಪದ ವಾಕ್ಯದಲ್ಲಿ ಕೂರುತ್ತದೆ. ವ್ಯಾಕರಣಕ್ಕೆ ತಪ್ಪಿಲ್ಲ. ಮಾರ್ಕು ಕೊಟ್ಟಿದ್ದೇನೆ.

ಕಟ್ಟಲು ಹೆಚ್ಚೇನಿಲ್ಲ. ಸೂಟ್‌ಕೇಸ್ ಹೇಗೂ ಕೆಳಗೇ ಇತ್ತು.

ಅಕ್ಕ


ಜುಲೈ 11

ಚೂಟಿ,

ಇಲ್ಲಿ ಎಲ್ಲ ಚೆನ್ನಾಗಿದೆ. ಬೆಳಿಗ್ಗೆ ಅವರು ಬರುತ್ತಾರೆ. ಅದನ್ನು ತರುತ್ತಾರೆ, ನಾನು ಅದನ್ನು ಕುಡಿಯುತ್ತೇನೆ. ಆಮೇಲೆ ಅಲ್ಲಿ ಕೂರುತ್ತೇನೆ. ಅಲ್ಲಿ ಬೇರೆಯವರೂ ಕೂರುತ್ತಾರೆ. ಒಬ್ಬರು ಅದನ್ನು ಹಾಕಿಕೊಂಡು ಓದುತ್ತಾರೆ. ಒಬ್ಬರು ಸುಮ್ಮನೆ ಅಳುತ್ತಾರೆ. ಆಮೇಲೆ ಅವರು ಬಂದು ಅದನ್ನು ಹಾಕುತ್ತಾರೆ. ಹಾಕಬೇಡಿ ಅನ್ನುತ್ತೇನೆ. ಆದರೆ ಹಾಕುತ್ತಾರೆ.

ನೀನು ಬಾ.

ಅಕ್ಕ


ಜುಲೈ 30

ಅಕ್ಕಾ,

ನಿನ್ನ ಕಾಗದ ಎರಡೆರಡು ಸಲ ತಿರುಗಿಸಿ ನೋಡಿದೆ. ಒಂದೇ ಒಂದು ಗೆರೆ ಇಲ್ಲ! ಪೂರ್ತಿ ಕಾಗದ ಬಿಟ್ಟ ಸ್ಥಳವಿಲ್ಲದೆ ಬರೆದಿದ್ದೀಯ. ನಾನು ಹೇಳಲಿಲ್ಲವಾ, ಹೊತ್ತಿಗೆ ಸರಿಯಾಗಿ ಊಟ, ನಿದ್ರೆ, ಜನರ ಜೊತೆ ಇದ್ದರೆ ಸುಧಾರಿಸುತ್ತದೆ ಅಂತ? ಇವರಿಗೂ ತೋರಿಸಿದೆ. "ನೋಡು, ಅಲ್ಲೇ ಅವರಿಗೆ ಒಳ್ಳೇದು" ಎಂದರು.

ಅದನ್ನು ಹಾಕುತ್ತಾರೆ ಎಂದರೆ ಇಂಜೆಕ್ಷನ್ನು ತಾನೇ? ಒಂದು ಕ್ಷಣದ ನೋವು, ಸಹಿಸಿಕೋ. ನಿನ್ನ ಒಳ್ಳೆಯದಕ್ಕೇ. ಇಲ್ಲಿ ಕೆಲಸ ತುಂಬಾ ಇದೆ, ಬಿಡುವಾದ ಕೂಡಲೇ ಬರುತ್ತೇನೆ.

ಚೂಟಿ


ಅಕ್ಟೋಬರ್ 18

ಅಕ್ಕಾ,

ನಿನ್ನನ್ನು ನೋಡಿ ಬಂದಮೇಲೆ ಕೆಲಸಕ್ಕೆ ಹೋಗಿಲ್ಲ. ಮೆಷಿನ್ನಿನ ಮುಂದೆ ಕೂತರೆ ಗಾಜು ಕಾಣುವುದಿಲ್ಲ.

ನಾನು ವರಾಂಡದ ಆ ತುದಿಯಿಂದ ಬರುವಾಗ ನಿನ್ನ ಬಾಗಿಲ ಹತ್ತಿರ ಗಲಾಟೆ ಆಗುತ್ತಿತ್ತು. ಆಯಾ ಬಾಗಿಲು ಎಳೆಯುತ್ತಿದ್ದಳು, ನೀನು ಸಂದಿಯಲ್ಲಿ ಕೈ ಇಟ್ಟಿದ್ದೆ. ಬೆರಳು ಕೆಂಪಾಗಿದ್ದರೂ ತೆಗೆಯಲಿಲ್ಲ. ನಾನು ಕೂಗಿಕೊಂಡೆ. ಆಯಾಗೆ ಬೇಜಾರಾಯಿತು. "ನಾನೇನ್ ಮಾಡ್ಲಮ್ಮಾ? ಬಂದ ದಿನದಿಂದ ಹಿಂಗೇ. ಬಾಗಿಲು ಹಾಕೋಕೆ ಬಿಡಲ್ಲ. ಹಾಕ್ದಿದ್ರೆ ಹೊರಗೆ ಹೋಗ್ಬಿಡ್ತಾರೆ, ಆಮೇಲೆ ನಮ್ಮ ತಲೆಗೆ ಬರುತ್ತೆ. ಏನಾಗುತ್ತೆ ಹೇಳಿ ಅಂದ್ರೆ ಹೇಳೋಕೂ ಬರಲ್ಲ," ಎಂದಳು. ಅವರು ಹಾಕುತ್ತಿದ್ದದ್ದು ಇಂಜೆಕ್ಷನ್ ಅಲ್ಲ, ಬಾಗಿಲು. ನಾನು ಅದನ್ನೂ ತಪ್ಪಾಗಿ ತುಂಬಿದ್ದೆ.

ಆಮೇಲೆ ನಾನಿದ್ದಷ್ಟು ಹೊತ್ತೂ ನೀನು ನನ್ನ ಸೆರಗು ಹಿಡಿದುಕೊಂಡೇ ಇದ್ದೆ. ಹೊರಡುವಾಗ ಆಯಾ ನಿನ್ನ ಬೆರಳು ಒಂದೊಂದಾಗಿ ಬಿಡಿಸಿದಳು.

ಮನೆಗೆ ಬಂದು ನಿನ್ನ ಏಪ್ರಿಲ್ ಕಾಗದ ತೆಗೆದೆ. ಚಿಲ್ಲರೆ ಪದಗಳು ಗಟ್ಟಿಯಾಗಿರುತ್ತವೆ ಎಂದು ಡಾಕ್ಟರು ಹೇಳಿದ್ದನ್ನು ನೀನು ಮೊದಲ ಕಾಗದದಲ್ಲೇ ಬರೆದಿದ್ದೆ. ನೀನು 'ಆದರೆ' ಎಂದರೆ ಅದು 'ಆದರೆ'ಯೇ. ಅದಾದ ಮೇಲೆ ಒಪ್ಪಿಗೆ ಬರಲಾರದು ಎಂಬುದು ಮೂರನೇ ಕ್ಲಾಸಿನ ಮಗುವಿಗೂ ತಿಳಿಯುತ್ತದೆ. ನನಗೆ ಬೇಕಾದ ಪದಕ್ಕೆ ಜಾಗ ಮಾಡಲು ನಿನ್ನ ಪದವನ್ನೇ ತಪ್ಪು ಎಂದೆ. ಅದರ ಮೇಲೆ ತಮಾಷೆ ಬೇರೆ.

ನಿನಗೆ ಹೇಳದೆ ಉಳಿದದ್ದನ್ನೂ ಹೇಳುತ್ತೇನೆ. ನೀನು ಬರುವ ವಿಷಯ ಎತ್ತಿದ ದಿನವೇ ಇವರು, "ಅವರು ಈ ಮನೆಗೆ ಬಂದ್ರೆ ನಾನು ಡಿಪೋದಲ್ಲೇ ಮಲಗ್ತೀನಿ, ಯೋಚ್ನೆ ಮಾಡು," ಎಂದಿದ್ದರು. ನಾನು ಯೋಚಿಸಿದೆ. ಒಂದು ಮಾತೂ ಎದುರಾಡಲಿಲ್ಲ.

ಈಗ ಕೇಳುತ್ತಿದ್ದೇನೆ. ಕೆಳಗೆ ಎರಡು ಪದ ಬರೆದಿದ್ದೇನೆ. ನಿನ್ನ ಮನಸ್ಸಿನಲ್ಲಿದ್ದದ್ದು ಯಾವುದೋ ಅದಕ್ಕೆ ಗುರುತು ಹಾಕಿ ಕಳಿಸು. ಎರಡನೆಯದಕ್ಕೆ ಹಾಕಿದರೆ ಇವರ ಜೊತೆ ಜಗಳವಾಡಿಯಾದರೂ ನಿನ್ನನ್ನು ಕರೆತರುತ್ತೇನೆ.

ಒಪ್ಪಿಗೆ
ಹೆದರಿಕೆ

ಚೂಟಿ


ನವೆಂಬರ್ 5

ಚೂಟಿ,

ಕಾಗದ ಬಂತು. ಎರಡು ಬರೆದಿದ್ದೀಯ. ಎರಡನ್ನೂ ಓದಿದೆ. ಅಕ್ಷರ ಬರುತ್ತದೆ. ಆದರೆ ಅದು ಏನು ಅಂತ ಬರುವುದಿಲ್ಲ.

ಮೊದಲನೆಯದರಲ್ಲಿ ಒಂದು ಅಕ್ಷರದ ಕೆಳಗೆ ಇನ್ನೊಂದು ಕಟ್ಟಿದ ಹಾಗಿದೆ, ಅದು ಗೊತ್ತಿಲ್ಲ. ಎರಡನೆಯದನ್ನು ಮೊದಲು ಎಲ್ಲೋ ಕೇಳಿದ್ದೇನೆ.

ಹೆದರಿಕೆ ಅಂದರೆ ಏನು? ಸ್ವಂತ ವಾಕ್ಯದಲ್ಲಿ ಬರೆದು ಕಳಿಸು. ಹಿಂದೆ ಮುಂದೆ ಇದ್ದರೆ ತಿಳಿಯುತ್ತದೆ.

ಅಕ್ಕ


ನವೆಂಬರ್ 27

ಅಕ್ಕಾ,

ಗುರುತು ಹಾಕಿಸಿಕೊಳ್ಳುವ ಹೊತ್ತು ಮೀರಿತು ಎಂದು ಗೊತ್ತಾಗಲು ಇಷ್ಟು ದಿನ ಬೇಕಾಯಿತು. ಬರೆಯಲು ಕೂತು ಎದ್ದು, ಕೂತು ಎದ್ದು ಮಾಡಿದೆ. ನಿನಗೆ ತಿಳಿಯುವಂತೆ ಚಿಕ್ಕ ವಾಕ್ಯಗಳಲ್ಲಿ ಬರೆದಿದ್ದೇನೆ.

ಒಬ್ಬಳು ಅಕ್ಕ ಇದ್ದಳು. ಒಬ್ಬಳು ತಂಗಿ ಇದ್ದಳು. ಅಕ್ಕನಿಗೆ ಮಾತು ಹೋಗುತ್ತಿತ್ತು. ಮಾತಿಲ್ಲದೆ ಗೊತ್ತಿಲ್ಲದವರ ನಡುವೆ ಇರುವುದು ಅಕ್ಕನಿಗೆ ಹೆದರಿಕೆ. ಅವಳಿಗೆ ತಂಗಿಯ ಮನೆಗೆ ಹೋಗುವ ಆಸೆ. ತಂಗಿ ಬಾ ಎಂದಿದ್ದಳು. ತಂಗಿಯ ಗಂಡ ಬೇಡ ಎಂದ. ಗಂಡನ ಜೊತೆ ಜಗಳವಾಡಲು ತಂಗಿಗೆ ಹೆದರಿಕೆ. ಅದನ್ನು ಅಕ್ಕನಿಗೆ ಹೇಳಲು ಇನ್ನೂ ಹೆದರಿಕೆ. ಅಕ್ಕ ಒಂದು ಪದ ಬಿಟ್ಟು ಕಾಗದ ಬರೆದಳು. ಬಿಟ್ಟ ಪದ ಯಾವುದೆಂದು ತಂಗಿಗೆ ಗೊತ್ತಿತ್ತು. ಆದರೆ ಬೇರೆ ಪದ ತುಂಬಿದಳು. ಅಕ್ಕನನ್ನು ದೊಡ್ಡ ಕಟ್ಟಡದಲ್ಲಿ ಬಿಟ್ಟು ಬಂದಳು. ಅಲ್ಲಿ ದಿನಾ ಬಾಗಿಲು ಹಾಕುತ್ತಾರೆ. ಹಾಕುವಾಗ ಅಕ್ಕನ ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ, ಯಾರಾದರೂ ಬರಲಿ ಅನ್ನಿಸುತ್ತದೆ. ಅದಕ್ಕೆ ಹೆದರಿಕೆ ಅನ್ನುತ್ತಾರೆ.

ಇವರ ಹತ್ತಿರ ಮಾತಾಡಿದೆ. ಜಗಳವೂ ಆಯಿತು. ನಾಲ್ಕು ದಿನ ಮನೆಗೆ ಬರಲಿಲ್ಲ. ಮಗಳು ಊಟ ಬಿಟ್ಟು ಕೂತಳು. ಕೊನೆಗೆ ನಾನೇ ಡಿಪೋಗೆ ಹೋಗಿ ಇವರನ್ನು ಕರೆದುಕೊಂಡು ಬಂದೆ.

ಚೂಟಿ


ಡಿಸೆಂಬರ್ 20

ನಿಮಗೆ,

ನೀವು ಬರೆದ ಕಥೆ ಬಂತು. ಇಲ್ಲಿಯವರು ಓದಿ ಹೇಳಿದರು. ಆಮೇಲೆ ನಾನೇ ಓದಿದೆ. ತುಂಬಾ ಸಲ ಓದಿದೆ.

ಹೆದರಿಕೆ ಅಂದರೆ ಏನು ಅಂತ ಈಗ ಗೊತ್ತಾಯಿತು. ನೀವು ಚೆನ್ನಾಗಿ ಹೇಳಿಕೊಡುತ್ತೀರಿ. ನೀವು ಟೀಚರಾ?

ಆ ಅಕ್ಕ ಪಾಪ. ಆದರೆ ನೀವು ಪೂರ್ತಿ ಬರೆದಿಲ್ಲ. ಆಮೇಲೆ ಆ ತಂಗಿ ಬಂದು ಅವಳನ್ನು ಮನೆಗೆ ಕರೆದುಕೊಂಡು ಹೋದಳಾ?